ಎರಡು ಬೆರಳಿನ ಚೂರು

ಕಳೆದ ವಾರ ಮಗಳ ಹೆಸರಿಗೆ ಕೊರಿಯರ್‌ನಲ್ಲಿ ಒಂದು ಡಬ್ಬಿ ಬಂತು. ಬಾಣಂತನಕ್ಕೆಂದು ಬಂದವಳು ನಾಲ್ಕು ತಿಂಗಳಿನಿಂದ ನಮ್ಮಲ್ಲೇ, ಅರಸೀಕೆರೆಯಲ್ಲೇ ಇದ್ದಾಳೆ. ಡಬ್ಬಿಯೊಳಗೆ ಕವರಿನಲ್ಲಿ ಸುತ್ತಿದ ಬಿಳಿ ಮಣ್ಣಿನ ಉಂಡೆ, ಒಂದು ಪುಟ್ಟ ಲಟ್ಟಣಿಗೆ, ಎರಡು ರಿಬ್ಬನ್. ಮಗುವಿನ ಅಂಗಾಲನ್ನು ಮಣ್ಣಿನಲ್ಲಿ ಒತ್ತಿ, ಒಣಗಿಸಿ, ನೆನಪಿಗೆಂದು ಗೋಡೆಗೆ ತೂಗುಹಾಕಿಕೊಳ್ಳುವ ಸಾಮಾನು. ಅವಳು ಕವರನ್ನು ಹಲ್ಲಿನಿಂದಲೇ ಹರಿದಳು. ಒದ್ದೆ ಸ್ಲೇಟು, ಸುಣ್ಣ, ಕಲಸಿಟ್ಟ ಮೈದಾ, ಈ ಮೂರೂ ಬೆರೆತಂಥ ವಾಸನೆ ಮೇಜಿನ ಮೇಲೆ ಹರಡಿತು. ನಾನು ಸೊಪ್ಪು ಬಿಡಿಸುತ್ತಿದ್ದೆ. ಕೈ ನಿಂತಿತು.

‘ಬೆಕ್ಕಿನ ಕಾಲನ್ನೂ ಒತ್ಸೋಣಮ್ಮ, ಇವನ ಕಾಲಿನ ಪಕ್ಕದಲ್ಲೇ,’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಂದು ಹೀಗೇನಾದ್ರೂ ಮಾಡ್ಸಿದ್ಯಾ?’ ಎಂದು ಕೇಳಿದಳು.

‘ಮಾಡ್ಸಿದ್ದೆ. ಒಡೆದು ಹೋಯ್ತು.’

‘ಒಂದು ಚೂರೂ ಇಲ್ವಾ?’

ಒಡೆದು ಹೋಯಿತು ಎಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈ ಬಗೆಯ ಮಾತು ನನಗೆ ಮೂವತ್ತು ವರ್ಷದಿಂದ ಅಭ್ಯಾಸವಾಗಿದೆ.

ಮಗಳ ಪಾದದ ಅಚ್ಚು ಮಾಡಿಕೊಟ್ಟವರು ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದ ಕ್ರಾಫ್ಟ್ ಟೀಚರ್. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ನಮ್ಮ ಅತ್ತೆ ‘ಆ ಟೀಚರಮ್ಮ’ ಎನ್ನುತ್ತಿದ್ದರು. ಊರು ಹಳೇಬೀಡಿನ ಕಡೆಯದು. ಯಜಮಾನರಿಗೆ ಬೇರೆ ಊರಿನಲ್ಲಿ ನೌಕರಿ, ಭಾನುವಾರ ಮಾತ್ರ ಬರುತ್ತಿದ್ದರು. ಅವರ ಮನೆಯ ನಡುಕೋಣೆಯಲ್ಲಿ ದೇವರ ಪಟಗಳಿರಲಿಲ್ಲ, ಬುದ್ಧನ ಒಂದು ಪಟವಿತ್ತು. ಓಣಿಯವರಿಗೆ ಅಷ್ಟು ಸಾಕಾಗಿತ್ತು. ಅವರು ನಮ್ಮ ಮನೆಗೆ ಬಂದರೆ ಜಗಲಿಯವರೆಗೆ. ಕಾಫಿ ಕೊಡಲು ಬೇರೆಯದೇ ಒಂದು ಸ್ಟೀಲ್ ಲೋಟ, ಜಗಲಿಯ ಕಿಟಕಿಯಲ್ಲಿ ಬೋರಲಾಗಿ ಇರುತ್ತಿತ್ತು. ಕುಡಿದ ಮೇಲೆ ಅವರೇ ತೊಳೆದು, ಅದೇ ಜಾಗದಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಬಂದ ದಿನದಿಂದಲೂ ಅದು ನಡೆಯುತ್ತಿತ್ತು. ಆ ಲೋಟವನ್ನು ನಾನೂ ಎಂದೂ ಒಳಗೆ ತಂದಿಡಲಿಲ್ಲ.

ಊರಿಗೆ ಹೋದಾಗಲೆಲ್ಲ ಅವರು ಒಂದು ಚೀಲ ಪುಡಿ ತರುತ್ತಿದ್ದರು. ಹಳೇಬೀಡಿನಲ್ಲಿ ಬಳಪದ ಕಲ್ಲಿನ ಪುಟ್ಟ ಆನೆ, ನಂದಿ ಕೆತ್ತಿ ಬಂದವರಿಗೆ ಮಾರುತ್ತಾರಲ್ಲ, ಅವರ ಗರಗಸದ ಕೆಳಗೆ ಬೀಳುವ ಪುಡಿ. ಅದನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಮೈದಾ, ಉಪ್ಪು, ಬಡಗಿಗಳು ಬಳಸುವ ಬಿಳಿ ಗೋಂದು ಸೇರಿಸಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದುತ್ತಿದ್ದರು. ಬಿಲ್ಲೆ ತಟ್ಟಿ, ಅದರ ಮೇಲೆ ಓಣಿಯ ಎಳೆಮಕ್ಕಳ ಪಾದ ಒತ್ತಿಸುತ್ತಿದ್ದರು. ಮಗು ಹಾಲು ಕುಡಿದು ಕಣ್ಣು ಮುಚ್ಚುವ ಹೊತ್ತಿಗೇ ಒತ್ತಬೇಕು. ಅಂಗಾಲು ಮುಟ್ಟಿದರೆ ಬೆರಳು ಮಡಚಿಕೊಳ್ಳುತ್ತವೆ, ಆದ್ದರಿಂದ ಪಾದದ ಮೇಲುಗಡೆ ಹೆಬ್ಬೆರಳಿಟ್ಟು ಒತ್ತಬೇಕು. ಒಣಗಿಸುವುದು ನೆರಳಿನಲ್ಲೇ, ಬಿಸಿಲು ಕಂಡರೆ ಬಿರಿಯುತ್ತದೆ, ಒಣಗಿದ ಮೇಲೆ ವಾರ್ನಿಷ್ ಹಚ್ಚಬೇಕು. ಇದೆಲ್ಲ ಅವರು ನನಗೆ ಹೇಳಿದ್ದು. ಮನೆಯಲ್ಲಿ ಸಾಕಿದ ಪ್ರಾಣಿಗಳ ಕಾಲನ್ನೂ ಒತ್ತಿಸುತ್ತಿದ್ದರು. ನಾಯಿಗಾದರೆ ಬೆಲ್ಲದ ಚೂರು ಸಾಕು, ಬೆಕ್ಕು ಒಂದರ ಬದಲು ನಾಲ್ಕು ಹೆಜ್ಜೆ ಬಿಟ್ಟು ಓಡುತ್ತದೆ, ಕರುವಾದರೆ ಹಿಡಿದುಕೊಳ್ಳಲು ಇಬ್ಬರು ಬೇಕು. ನಮ್ಮ ಕರುವಿನ ಗೊರಸು ಒತ್ತಿಸಿದ ದಿನ ಸೀರೆ ಕೊಡವಿಕೊಳ್ಳುತ್ತಾ, ‘ಬಿಲ್ಲೆ ಮೇಲೊಂದು, ನನ್ನ ಮಂಡಿ ಮೇಲೊಂದು. ಎರಡರಲ್ಲಿ ನಿಮಗೆ ಯಾವುದು ಬೇಕು ನೋಡಿ,’ ಎಂದಿದ್ದರು. ಅವರು ನಕ್ಕದ್ದನ್ನು ಕಂಡದ್ದು ಅಂಥ ಹೊತ್ತಿನಲ್ಲೇ...

ಅವರ ಬಳಿ ಒಂದು ಕೆಂದು ನಾಯಿ ಇತ್ತು. ಮರಿಯಾಗಿದ್ದಾಗ ಕಬ್ಬಿಣದ ಗೇಟಿಗೆ ಸಿಕ್ಕಿ ಬಲಗಾಲಿನ ಒಂದು ಬೆರಳು ಹೋಗಿತ್ತು. ನಾವು ಬೆಳಿಗ್ಗೆ ಬಾಗಿಲಿಗೆ ಸಾರಿಸಿ ರಂಗೋಲಿ ಬಿಟ್ಟ ಮೇಲೆ ಅದು ಹಾದುಹೋದರೆ ಹಸಿ ನೆಲದ ಮೇಲೆ ಮೂರೇ ಬೆರಳಿನ ಗುರುತು. ‘ಬಂದಿತ್ತು ನೋಡು, ಸವಾರಿ,’ ಎಂದು ಅತ್ತೆ ಆ ಗುರುತಿನ ಮೇಲೆ ನೀರು ಸುರಿಯುತ್ತಿದ್ದರು. ಓಣಿಯಲ್ಲಿ ಆ ಹೆಜ್ಜೆ ಗೊತ್ತಿಲ್ಲದವರು ಇರಲಿಲ್ಲ.

ನನ್ನ ಮಗಳಿಗೆ ಎಂಟು ತಿಂಗಳಾದಾಗ ಅವಳ ಪಾದವನ್ನೂ ಒತ್ತಿಸಿದೆ. ಮಗುವನ್ನು ಅವರ ಮನೆಗೆ ಕಳಿಸಲು ಅತ್ತೆ ಒಪ್ಪದ ಕಾರಣ ಅವರೇ ಹಿಟ್ಟು ತಂದು ಜಗಲಿಯಲ್ಲಿ ಕೂತರು. ಕೆಲಸ ಮುಗಿಸಿ ಅವರು ಓಣಿ ತಿರುಗುವ ಮೊದಲೇ ಅತ್ತೆ ಮಗುವಿನ ಕಾಲು ತೊಳೆದರು. ಮಣ್ಣು ಅಂಟಿದೆ ಎಂದರು. ಎರಡು ಸಲ ತೊಳೆದರು.

ಆದರೆ ಬಿಲ್ಲೆ ಒಣಗಿ ಮನೆಗೆ ಬಂದಾಗ ಅತ್ತೆಗೆ ಬಿಡಲು ಮನಸ್ಸಾಗಲಿಲ್ಲ. ನಮ್ಮದು ಕೊಬ್ಬರಿ ಮಂಡಿಯ ಮನೆ. ಮೊಮ್ಮಗಳು ಹುಟ್ಟಿದ ವಾರವೇ ಕೊಬ್ಬರಿಯ ಧಾರಣೆ ಏರಿದ್ದರಿಂದ ಲಕ್ಷ್ಮಿಯೇ ಬಂದಳು ಎಂದು ಊರಿಗೆಲ್ಲ ಹೇಳಿದ್ದರು. ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ್ತಿಲಿನಿಂದ ಅಕ್ಕಿಹಿಟ್ಟಿನಲ್ಲಿ ಪಾದ ಬರೆಯುವುದರ ಜೊತೆಗೆ, ಕಳಶದ ಮುಂದೆ ಮೊಮ್ಮಗಳ ಪಾದದ ಬಿಲ್ಲೆಯನ್ನೇ ಇಟ್ಟು ಪೂಜಿಸುವುದೆಂದು ತೀರ್ಮಾನಿಸಿದರು. ಅರಿಶಿನದ ನೀರು ಚಿಮುಕಿಸಿ ಶುದ್ಧವನ್ನೂ ಮಾಡಿದರು. ಅರಿಶಿನ ಕುಂಕುಮಕ್ಕೆ ಬರುವ ಹೆಂಗಸರಿಗೆಲ್ಲ ಮೊದಲೇ ಸುದ್ದಿ ಹೋಯಿತು.

ಹಬ್ಬ ಶುಕ್ರವಾರ. ಗುರುವಾರ ಮಧ್ಯಾಹ್ನ ಅತ್ತೆ ಪೇಟೆಗೆ ಹೋಗಿದ್ದಾಗ ಮಣೆಯ ಮೇಲೆ ಅದನ್ನು ಹೊಂದಿಸಲು ಹೋದೆ. ಕೈಗೆ ಎಣ್ಣೆಯಾಗಿತ್ತು. ಜಾರಿತು. ಮೂರು ಹೋಳು. ಹಬ್ಬದ ಹಿಂದಿನ ದಿನ ಲಕ್ಷ್ಮಿಯ ಪಾದ ಒಡೆದ ಸೊಸೆ... ಆ ಮನೆಯಲ್ಲಿ ಅದರ ಅರ್ಥವೇನೆಂದು ನಾನು ವಿವರಿಸುವುದಿಲ್ಲ. ಹೋಳುಗಳನ್ನು ಹಿತ್ತಲ ಬಾವಿಗೆ ಹಾಕಿದೆ. ಅತ್ತೆ ಬಂದಾಗ, ವಾರ್ನಿಷ್ ಇನ್ನೂ ಅಂಟುತ್ತಿದೆ, ಮೇಡಂ ಹತ್ತಿರ ಇನ್ನೊಂದು ಸಲ ಹಚ್ಚಿಸಿ ತರುತ್ತೇನೆಂದು ಸುಳ್ಳು ಹೇಳಿ ಹೊರಟೆ.

ಮೇಡಂ ಆಗಷ್ಟೇ ಶಾಲೆಯಿಂದ ಬಂದಿದ್ದರು. ನಾನು ಅಳುತ್ತಲೇ ಹೇಳಿದೆ. ಈಗ ಹೊಸದು ಒತ್ತಿದರೂ ಒಣಗಲು ನಾಲ್ಕು ದಿನ ಬೇಕು ಎಂದರು. ಆಮೇಲೆ ಬುದ್ಧನ ಪಟದ ಕೆಳಗಿನ ಮೊಳೆಯ ಕಡೆ ನೋಡಿದರು. ಅಲ್ಲಿ ಕೆಂಪು ಉಲ್ಲನ್ ದಾರದಲ್ಲಿ ಒಂದು ಬಿಲ್ಲೆ ತೂಗುತ್ತಿತ್ತು. ಅವರ ಮಗಳ ಪಾದ. ಆ ಮಗು ಒಂಬತ್ತನೆಯ ತಿಂಗಳಲ್ಲಿ ಜ್ವರ ಬಂದು ತೀರಿಕೊಂಡಿತ್ತು, ಅವರು ಅರಸೀಕೆರೆಗೆ ಬರುವ ಮುಂಚೆ. ಫೋಟೋ ತೆಗೆಸಿರಲಿಲ್ಲವಂತೆ. ಇದ್ದದ್ದು ಅದೊಂದೇ.

ಅವರು ಅದನ್ನು ಇಳಿಸಿ ಸೆರಗಿನಿಂದ ಒರೆಸಿದರು. ಮತ್ತೆ ಮೊಳೆಗೆ ಹಾಕಿದರು. ಸ್ವಲ್ಪ ಹೊತ್ತು ನಿಂತು, ಮತ್ತೆ ಇಳಿಸಿದರು.

‘ಒಂದು ದಿನಕ್ಕೆ ತಾನೆ? ತಗೊಂಡು ಹೋಗಿ,’ ಎಂದರು. ‘ಎಂಟು ತಿಂಗಳ ಪಾದ ಎಲ್ಲ ಒಂದೇ ತರ ಇರುತ್ತೆ. ನಿಮ್ಮತ್ತೆಗೆ ಗೊತ್ತಾಗಲ್ಲ. ಆದ್ರೆ ಹಿಂದುಗಡೆ ನಾಯಿ ಕಾಲಿದೆ, ಹುಷಾರು.’

ತಿರುಗಿಸಿ ತೋರಿಸಿದರು. ಎರಡು ತೆಳು ಬಿಲ್ಲೆಗಳನ್ನು ಹಸಿಯಾಗಿರುವಾಗಲೇ ಬೆನ್ನಿಗೆ ಬೆನ್ನು ಸೇರಿಸಿದ್ದರು. ಒಂದು ಕಡೆ ಮಗು, ಇನ್ನೊಂದು ಕಡೆ ಮೂರು ಬೆರಳು. ಮಗು ನಾಯಿಯ ಕಿವಿ ಹಿಡಿಯದೆ ಹಾಲೇ ಕುಡಿಯುತ್ತಿರಲಿಲ್ಲ ಎಂದರು. ‘ಶನಿವಾರ ಬೆಳಿಗ್ಗೆ ಸ್ಕೂಲಿಗೆ ಹೋಗೋ ಮುಂಚೆ ತಂದ್ಕೊಡಿ.’

ನಾನು ಮನೆಯಲ್ಲಿ ಬೆಳ್ಳಿ ಬಣ್ಣದ ಕಾಗದ ಕತ್ತರಿಸಿ, ಮೈದಾ ಅಂಟಿನಿಂದ ಬಿಲ್ಲೆಯ ಬೆನ್ನಿಗೆ ಅಂಟಿಸಿದೆ. ಚೆನ್ನಾಗಿ ಹಿಡಿದುಕೊಂಡಿತು. ಶುಕ್ರವಾರ ಪೂಜೆಯಲ್ಲಿ ಅತ್ತೆ ಬಿಲ್ಲೆಗೆ ಹಾಲಿನ ಅಭಿಷೇಕ ಮಾಡುತ್ತಾರೆಂಬುದು ನನಗೆ ಹೊಳೆದಿರಲಿಲ್ಲ.

ಸಂಜೆ ಹನ್ನೆರಡು ಜನ ಹೆಂಗಸರು ಬಂದರು. ಅತ್ತೆ ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ಒಬ್ಬೊಬ್ಬರಿಗೂ ಕೊಟ್ಟರು. ಎಲ್ಲರೂ ಎರಡು ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಕೊನೆಯಲ್ಲಿ ಕೂತಿದ್ದ, ಎಣ್ಣೆ ಅಂಗಡಿಯವರ ಮನೆಯ ಹಿರಿಯಾಕೆಯ ಕೈಗೆ ಒದ್ದೆ ಕಾಗದ ಕಳಚಿಬಂತು.

‘ಇದೇನ್ರೀ, ಹಿಂದ್ಗಡೆ ಏನೋ ಐತಲ್ಲ... ಅಯ್ಯೋ, ನಾಯಿ ಕಾಲು ಕಣ್ರೀ!’

ಪಕ್ಕದಾಕೆ ಬಗ್ಗಿ ನೋಡಿದಳು. ‘ಮೂರೇ ಬೆಳ್ಳೈತೆ. ಆ ಟೀಚರಮ್ಮನ ನಾಯೀದೇ.’

‘ಕಣ್ಣಿಗೊತ್ಕೊಂಡ್ನಲ್ಲೇ ನಾನು!’

ಆಮೇಲೆ ಹನ್ನೆರಡು ಜನ ರೇಷ್ಮೆ ಸೀರೆಯವರು ನಮ್ಮ ಬಚ್ಚಲಮನೆಯ ಮುಂದೆ ಸಾಲಾಗಿ ನಿಂತು ಕಣ್ಣು ತೊಳೆದುಕೊಂಡರು. ಚೊಂಬಿನಲ್ಲಿ ನೀರು ಹಾಕುತ್ತಿದ್ದವಳು ನಾನು. ಅವರು ಹೋದ ಮೇಲೆ ಅತ್ತೆ ನನ್ನ ಮುಂದೆ ಬಂದು ನಿಂತರು.

‘ಈಸ್ಕೊಂಡಾಗ ನೋಡ್ಲಿಲ್ವೇನೇ?’

‘ಹಿಂದೆ ಕಾಗದ ಅಂಟಿಸಿತ್ತು ಅತ್ತೆ.’

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾಗದ ಅಂಟಿಸಿತ್ತು. ಯಾರು ಅಂಟಿಸಿದ್ದು ಎಂದು ಅತ್ತೆ ಕೇಳಲಿಲ್ಲ. ‘ಬೇಕಂತ್ಲೇ ಮುಚ್ಚಿ ಕೊಟ್ಟವ್ಳೆ,’ ಎಂದರು. ನಾನು ತಟ್ಟೆ ತೊಳೆಯಲು ಹೋದೆ.

ಶನಿವಾರ ಬೆಳಿಗ್ಗೆ ನಾವು ನಾಲ್ಕು ಜನ ಅವರ ಮನೆಗೆ ಹೋದೆವು. ಅತ್ತೆ, ನಮ್ಮ ಯಜಮಾನರು, ಎಣ್ಣೆ ಅಂಗಡಿಯ ಆಕೆ, ಮತ್ತು ನಾನು. ಮೇಡಂ ಶಾಲೆಗೆ ಹೊರಟು, ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತಿದ್ದರು. ನನ್ನನ್ನೇ ಕಾಯುತ್ತಿದ್ದರು. ನನ್ನ ಹಿಂದೆ ಮುಂದೆ ಇದ್ದವರನ್ನು ನೋಡಿ ಚೀಲ ಕೆಳಗಿಟ್ಟರು.

‘ಏನ್ ಟೀಚರಮ್ಮ, ಲಕ್ಷ್ಮೀ ಪಾದ ಅಂತ ನಿಮ್ ನಾಯಿ ಕಾಲಿಗೆ ಊರೋರ ಕೈಲೆಲ್ಲ ಕೈ ಮುಗ್ಸಿದ್ರಲ್ಲ? ಎಷ್ಟ್ ದಿನದಿಂದ ಕಾಯ್ತಾ ಇದ್ರಿ ಇದಕ್ಕೆ?’ ಅತ್ತೆಯ ದನಿ ಏರಿರಲಿಲ್ಲ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.

ಮೇಡಂ ನನ್ನನ್ನು ನೋಡಿದರು. ನಾನು ನಾಯಿಯ ಸರಪಳಿಯನ್ನು ನೋಡುತ್ತಿದ್ದೆ. ಎಷ್ಟು ಹೊತ್ತು ಎಂದರೆ, ಅದರ ಕೊಂಡಿಗಳನ್ನು ಎಣಿಸುವಷ್ಟು ಹೊತ್ತು.

‘ತಪ್ಪಾಗಿದೆ ಅಮ್ಮ,’ ಎಂದರು ಅವರು. ‘ಕೊಡುವಾಗ ಬದಲಾಗಿ ಹೋಗಿದೆ. ನನ್ನದೇ ತಪ್ಪು. ಅದನ್ನ ನನಗೆ ಕೊಟ್ಟುಬಿಡಿ.’

‘ಹಿಂದ್ಗಡೆ ನಾಯೀದು. ಮುಂದ್ಗಡೇದು ಯಾರ್ದು?’

‘ನನ್ನ ಮಗಳದು.’

ಅತ್ತೆ ಕೈಯಲ್ಲಿದ್ದ ಬಿಲ್ಲೆಯನ್ನು ಒಂದು ಗಳಿಗೆ ನೋಡಿದರು. ಆ ಮಗುವಿನ ವಿಷಯ ಓಣಿಗೆಲ್ಲ ಗೊತ್ತಿತ್ತು. ಅವರು ಮರುಗಿದರೇನೋ ಎಂದು ನಾನು ಆ ಒಂದು ಗಳಿಗೆ ಅಂದುಕೊಂಡೆ. ಅಲ್ಲ. ಅವರು ‘ನೀವು’ ಬಿಟ್ಟು ‘ನೀನು’ವಿಗೆ ಇಳಿದರು.

‘ಸತ್ ಮಗೀನ್ ಕಾಲು! ಹಬ್ಬದ ದಿವ್ಸ ನನ್ ಕಳಶದ್ ಮುಂದೆ ಸತ್ ಮಗೀನ್ ಕಾಲ್ ಇಡ್ಸಿದ್ಯಲ್ಲೇ ನೀನು!’

ಬಾಗಿಲ ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲಿತ್ತು. ಅತ್ತೆ ಬಿಲ್ಲೆಯನ್ನು ಅದರ ಮೇಲೆ ಬಡಿದರು. ಸದ್ದು ದೊಡ್ಡದಾಗಿರಲಿಲ್ಲ, ಹಪ್ಪಳ ಮುರಿದ ಹಾಗೆ. ನಾಯಿ ಮುಂದೆ ಬಂದು ಚೂರುಗಳನ್ನು ಮೂಸಿ, ಒಂದನ್ನು ನೆಕ್ಕತೊಡಗಿತು. ಹಾಲಿನ ವಾಸನೆ ಇತ್ತಲ್ಲ. ನಮ್ಮ ಯಜಮಾನರು ಛತ್ರಿಯಿಂದ ಅದನ್ನು ದೂರ ತಳ್ಳಿದರು. ಆ ಬೆಳಿಗ್ಗೆ ಅವರು ಮಾಡಿದ ಕೆಲಸ ಅದೊಂದೇ. ಮೇಡಂ ಮಂಡಿಯೂರಿ ಕೂತು ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡರು. ಒಂದು ಚೂರು ನನ್ನ ಕಾಲಿನ ಹತ್ತಿರ ಸಿಡಿದು ಬಿದ್ದಿತ್ತು. ನಾನು ಅದರ ಮೇಲೆ ಪಾದ ಇಟ್ಟೆ. ಯಾಕೆ ಇಟ್ಟೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅತ್ತೆ ತುಳಿಯದಿರಲಿ ಎಂದೇ, ಆಮೇಲೆ ಗುಟ್ಟಾಗಿ ಕೊಡೋಣ ಎಂದೇ... ಒಳ್ಳೆಯ ಕಾರಣಗಳು ಆಮೇಲೆ ಹುಟ್ಟಿದವು. ಆಗ ಇದ್ದದ್ದು ಹೆದರಿಕೆ ಮಾತ್ರ. ಎಲ್ಲರೂ ತಿರುಗಿದ ಮೇಲೆ ಬಗ್ಗಿ, ಚಪ್ಪಲಿ ಸರಿಮಾಡಿಕೊಂಡ ಹಾಗೆ ಮಾಡಿ, ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು. ಹಿಂದೆ ನಾಯಿಯ ಒಂದು ಬೆರಳು.

ಭಾನುವಾರ, ಸೋಮವಾರ ಅವರು ಆ ಕಲ್ಲಿನ ಸುತ್ತ, ಚರಂಡಿಯ ಅಂಚಿನಲ್ಲಿ, ಪೊರಕೆಯ ಕಡ್ಡಿ ಹಿಡಿದು ಹುಡುಕುವುದನ್ನು ನಮ್ಮ ಮಹಡಿಯ ಕಿಟಕಿಯಿಂದ ನೋಡಿದೆ. ಭಾನುವಾರ ಅವರ ಯಜಮಾನರೂ ಜೊತೆಗಿದ್ದರು, ಪ್ಯಾಂಟು ಮೇಲಕ್ಕೆ ಮಡಚಿ ಚರಂಡಿಗೇ ಇಳಿದಿದ್ದರು. ಚೂರು ನನ್ನ ಕುಂಕುಮದ ಡಬ್ಬಿಯಲ್ಲಿತ್ತು. ಇಪ್ಪತ್ತು ಮೆಟ್ಟಿಲು ಇಳಿದು ಓಣಿ ದಾಟಿದರೆ ಮುಗಿಯುತ್ತಿತ್ತು.

ನಮ್ಮ ಮಗುವಿನ ಬಿಲ್ಲೆ ಅವಳ ಹತ್ತಿರವೇ ಬಿದ್ದಿರಲಿ, ಬೇಡ ಎಂದುಬಿಟ್ಟರು ಅತ್ತೆ. ಆ ವಾರವೇ ಓಣಿಯವರು ತಮ್ಮ ತಮ್ಮ ಮನೆಯ ಬಿಲ್ಲೆಗಳನ್ನು ಗೋಡೆಯಿಂದ ಇಳಿಸಿದರು. ಯಾವ ಬಿಲ್ಲೆಯ ಹಿಂದೆ ಏನಿದೆಯೋ ಎಂದು ಒಬ್ಬರು, ಸತ್ತ ಮಗುವಿನ ಹಿಟ್ಟೇ ನಮ್ಮದಕ್ಕೂ ಹಾಕಿರಬೇಕು ಎಂದು ಇನ್ನೊಬ್ಬರು. ಕರೆದು ಕೊಡಲಿಲ್ಲ, ಅವರು ಶಾಲೆಗೆ ಹೋದಾಗ ಬಾಗಿಲ ಮುಂದೆ ಎಸೆದು ಬಂದರು. ಒಂಬತ್ತು ಬಿಲ್ಲೆ, ನಾನು ಎಣಿಸಿದ್ದೇನೆ. ಒಡೆಯದೆ ಉಳಿದ ಐದನ್ನು ಅವರು ತಮ್ಮ ಕಿಟಕಿಯಲ್ಲಿ ಸಾಲಾಗಿ ಇಟ್ಟುಕೊಂಡರು, ಪಾದ ಹೊರಗೆ ಕಾಣುವ ಹಾಗೆ. ಅದು ಸಿಟ್ಟೋ ಅಕ್ಕರೆಯೋ ನನಗೆ ತಿಳಿಯಲಿಲ್ಲ. ಒಂದು ತಿಂಗಳೊಳಗೆ ನಾಯಿ ಸತ್ತಿತು. ಯಾರೋ ಏನೋ ಹಾಕಿದರು ಎಂದು ಹೇಳುತ್ತಿದ್ದರು. ನಾನು ನೋಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ನಮ್ಮ ಜಗಲಿಯ ಲೋಟವನ್ನು ಅತ್ತೆ ಗುಜರಿಗೆ ಹಾಕಿದರು.

ಒಂದು ದಿನ ಬೀದಿ ನಲ್ಲಿಯ ಹತ್ತಿರ ನಾವಿಬ್ಬರೇ ಇದ್ದೆವು. ಅವರು ಬಿಂದಿಗೆ ತುಂಬಿದ ಮೇಲೆ ನಲ್ಲಿ ನಿಲ್ಲಿಸಿ, ಮೆಲ್ಲಗೆ ಕೇಳಿದರು.

‘ಎಲ್ಲ ಅಂಟಿಸಿದೆ. ಎರಡು ಬೆರಳು ಮಾತ್ರ ಸಿಗ್ತಿಲ್ಲ. ನಿಮಗೇನಾದ್ರೂ ಸಿಕ್ಕಿತಾ?’

‘ಇಲ್ಲ ಮೇಡಂ.’

‘ಸಿಕ್ಕಿದ್ರೆ ಕೊಡಿ,’ ಎಂದು ಬಿಂದಿಗೆ ಎತ್ತಿಕೊಂಡು ಹೋದರು. ಅತ್ತೆಗೆ ಹೇಳಿದ್ದು ಅರ್ಧ ಮಾತು. ಇದು ಪೂರ್ತಿ ಸುಳ್ಳು, ಅವರ ಮುಖ ನೋಡಿಯೇ ಹೇಳಿದ್ದು. ಪರೀಕ್ಷೆಗಳು ಮುಗಿದ ಮೇಲೆ ಅವರು ಬೇಲೂರು ತಾಲ್ಲೂಕಿನ ಬಿಕ್ಕೋಡಿಗೆ ವರ್ಗ ಮಾಡಿಸಿಕೊಂಡು ಹೋದರು. ಲಾರಿ ಓಣಿ ಬಿಟ್ಟಾಗ ನಾನು ಮಗಳಿಗೆ ಎಣ್ಣೆ ಹಚ್ಚುತ್ತಿದ್ದೆ.

ಅತ್ತೆ ಎಂಟು ವರ್ಷಗಳ ಮೇಲೆ ತೀರಿಕೊಂಡರು. ತಿಥಿಯೆಲ್ಲ ಮುಗಿದು, ಹೆದರಲು ಮನೆಯಲ್ಲಿ ಯಾರೂ ಉಳಿಯದ ಮೇಲೆ, ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬೇಲೂರಿನ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಕಲ್ಲಿನ ಆನೆ ಮಾರುವವನೊಬ್ಬ ಕಿಟಕಿಯ ಹತ್ತಿರ ಬಂದ. ಅವನ ಮೊಣಕೈವರೆಗೂ ಬಿಳಿ ಪುಡಿ. ಬೇಲೂರಿನಲ್ಲಿ ಇಳಿದು ಜೀಪು ಹಿಡಿದೆ. ಬಿಕ್ಕೋಡಿನ ಶಾಲೆಯಲ್ಲಿ ಜವಾನನೊಬ್ಬ ಗಂಟೆಯ ಕೆಳಗೆ ಕೂತಿದ್ದ.

‘ಆ ಮೇಡಮ್ಮೋರಾ? ತೀರ್ಕೊಂಡು ವರ್ಷ ಆಯ್ತಲ್ರವ್ವ. ಎದೆನೋವು ಅಂದ್ರು, ಬೇಲೂರು ಮುಟ್ಲಿಲ್ಲ. ನೀವ್ಯಾರು, ಅರಸೀಕೆರೆಯೋರಾ?’

ಹೌದು ಎಂದೆ. ಅವನು ನನ್ನನ್ನು ಇನ್ನೊಂದು ಸಲ ನೋಡಿದ.

‘ಅವ್ರ ಮನೇಲೊಂದು ಬಿಲ್ಲೆ ಇತ್ತು, ಮಗೀನ್ ಪಾದದ್ದು. ಎರಡು ಬೆಳ್ಳೇ ಇಲ್ಲ. ಹುಡುಗ್ರು ಕೇಳೋರು, ಮೇಡಂ, ನಿಮಗೆ ಮಾಡಾಕೆ ಬತ್ತದಲ್ಲ, ತುಂಬ್ಸಿ ಅಂತ. ಬೇಡ ಕಣ್ರೋ, ಅದು ಅರಸೀಕೆರೇಲಿ ಒಬ್ರ ಹತ್ರ ಐತೆ, ತಂದ್ಕೊಡ್ತಾರೆ, ಅನ್ನೋರು.’

ಅಂದರೆ ನಾನು ಪಾದ ಇಟ್ಟದ್ದನ್ನು ಅವರು ಕಂಡಿದ್ದರು. ನಲ್ಲಿಯ ಹತ್ತಿರ ಕೇಳಿದಾಗಲೂ ಗೊತ್ತಿದ್ದೇ ಕೇಳಿದ್ದರು.

‘ಆ ಬಿಲ್ಲೆ ಈಗ...’

‘ಮಣ್ಣು ಮಾಡುವಾಗ ಅವ್ರ ಯಜಮಾನ್ರು ಜೊತೆಗೇ ಇಟ್ರು. ಏನಾದ್ರೂ ತಂದಿದ್ರಾ?’

‘ಏನಿಲ್ಲ,’ ಎಂದೆ. ಕರವಸ್ತ್ರ ಕೈಯಲ್ಲೇ ಇತ್ತು.

ಕಳೆದ ವಾರ ಮಗಳು ‘ಒಂದು ಚೂರೂ ಇಲ್ವಾ’ ಎಂದು ಕೇಳಿದ ಮೇಲೆ ನಾನು ಒಳಗೆ ಹೋಗಿ ಆ ಕುಂಕುಮದ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟೆ. ಅವಳು ಚೂರನ್ನು ಅಂಗೈಯಲ್ಲಿ ಹಿಡಿದು, ತೊಡೆಯ ಮೇಲಿದ್ದ ಮಗನ ಕಾಲಿನ ಪಕ್ಕದಲ್ಲಿಟ್ಟು ನೋಡಿದಳು. ಅವಳ ಮುಖ ಅರಳಿತು.

‘ಇದು ನಂದಾ?’

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳು ಅದನ್ನು ರಿಬ್ಬನ್ನಿಗೆ ಕಟ್ಟಿ ಮಗನ ತೊಟ್ಟಿಲಿಗೆ ತೂಗುಹಾಕುತ್ತಿದ್ದಳು.

‘ಅಲ್ಲ,’ ಎಂದೆ.

ಅವಳು ತಿರುಗಿಸಿದಳು. ‘ಹಿಂದೆ ನಾಯಿ ಕಾಲಿನ ಹಾಗಿದೆ. ನಮ್ಮನೇಲಿ ನಾಯಿ ಇತ್ತಾ?’

ಗುರುವಾರ ಮಧ್ಯಾಹ್ನ ಕೈ ಜಾರಿದಲ್ಲಿಂದ ಶುರುಮಾಡಿ ಹೇಳಿದೆ. ಬಾವಿ, ಕಾಗದ, ಸರಪಳಿ, ನಲ್ಲಿ, ಬಿಕ್ಕೋಡು. ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ತಟ್ಟಿಟ್ಟಿದ್ದ ಮಣ್ಣಿನ ಬಿಲ್ಲೆಯ ಅಂಚು ಒಣಗಿ ಸಣ್ಣಗೆ ಬಿರಿದಿತ್ತು. ಮಗು ಮಲಗಿಬಿಟ್ಟಿತ್ತು. ಮಗಳು ನನ್ನನ್ನು ಬೈಯಲಿಲ್ಲ. ಚೂರನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚದೆ, ಒಂದೇ ಒಂದು ಮಾತು ಕೇಳಿದಳು.

‘ಆ ಮಗು ಹೆಸರೇನಮ್ಮ?’

ನನಗೆ ಗೊತ್ತಿರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ.